ಸತ್ತ ಅಪ್ಪನಿಗೆ ಗುದ್ದಿದ ಹೀರೋ

ಕುಮಟಾದಿಂದ ಭಟ್ಕಳಕ್ಕೆ ಹೋಗುವ ಬಸ್ಸಿನಲ್ಲಿ ನೆಮ್ಮದಿಯಾಗಿ ಒಂದು ಸೂಪರ್‌ಹೀರೋ ಕಾಮಿಕ್ಸ್ ಓದುವ ಹಾಗೂ ಇಲ್ಲ. ಮೊನ್ನೆ ಪಕ್ಕದಲ್ಲಿ ಕೂತಿದ್ದ ಅಜ್ಜಿ, ಮಹಾಲಯದಲ್ಲಿ ತೀರಿಕೊಂಡ ಹಿರಿಯರಿಗಿಡುವ ಎಡೆಗೆಂದು ಒಯ್ಯುತ್ತಿದ್ದ ಬಾಳೆಎಲೆಯ ಕಟ್ಟನ್ನು ಮಡಿಲಲ್ಲಿಟ್ಟುಕೊಂಡೇ ನನ್ನ ಪುಸ್ತಕಕ್ಕೆ ಬಗ್ಗಿದರು.

“ಎಂತ ಅದು? ಆ ಮುದುಕಂಗೆ ಎಂತಕ್ಕೆ ಗುದ್ದೂದು?”

“ಅವ ಹೀರೋನ ಅಪ್ಪ, ಅಜ್ಜಿ. ಸತ್ತವ ಎದ್ದು ಬಂದಿದ್ದಾನೆ.”

“ಅಪ್ಪ ಮನೆಗೆ ಬಂದ್ರೆ ಗುದ್ದೂದಾ? ಎಡೆ ಇಟ್ಟಿದ್ನಾ?”

ನನಗೆ ರೇಗಿತು. ಲೋಕವೇ ಮುಳುಗುತ್ತಿರುವಾಗ ಎಡೆ ಯಾರು ಇಡುತ್ತಾರೆ ಎಂದೆ.

“ನಾವು ವರ್ಷಾ ವರ್ಷ ಇಡೂದಿಲ್ವಾ? ಸತ್ತವ್ರಿಗೆ ಇಷ್ಟದ ಮೀನುಸಾರು ಬಡಿಸಿ, ಬಾಗ್ಲು ಹಾಕಿ ಹೊರಗೆ ಬಂದ್ರೆ ಆತು. ಉಂಡು ಹೋಗ್ತಾರೆ,” ಎಂದವರೇ ಅಜ್ಜಿ ಶಿರಾಲಿಯಲ್ಲಿ ಇಳಿದುಹೋದರು.

ಕಾಮಿಕ್ಸ್ ಬಗ್ಗೆ ಇವರಿಗೇನು ಗೊತ್ತು ಎಂದು ಗೊಣಗುತ್ತಾ ಕೊನೆಯ ಪುಟಕ್ಕೆ ಬಂದೆ. ಅಪ್ಪನನ್ನು ಗೋರಿಗೆ ತಳ್ಳಿ ಬಂದ ಹೀರೋ ಗೆಳೆಯರ ಜೊತೆ ಗಡದ್ದಾಗಿ ಉಣ್ಣುತ್ತಿದ್ದ. ಅಪ್ಪನ ಹೆಸರಲ್ಲಿ ಒಂದು ತುತ್ತೂ ತೆಗೆದಿಟ್ಟಿರಲಿಲ್ಲ. ನನ್ನ ಮೈ ಉರಿದುಹೋಯಿತು. ಇವನು ಲೋಕ ಕಾಯುವವನಂತೆ! ಕೆಳಗೆ ದಪ್ಪ ಅಕ್ಷರದಲ್ಲಿ ಬೇರೆ ಹಾಕಿದ್ದರು: ಮುಂದಿನ ಸಂಚಿಕೆಯಲ್ಲಿ ಅಪ್ಪ ಮತ್ತೆ ಬರುತ್ತಾನೆ.

ಬರದೆ ಏನು ಮಾಡ್ತಾನೆ, ಹಸಿದವನು?