ಕೊನೆಗೆಂದು ಉಳಿಸಿಟ್ಟ ಇಂಜಿನ್

ನಮ್ಮ ನಾದಿನಿಯ ಎಡ ಅಂಗೈಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ಹುಣಸೆಬೀಜದಷ್ಟು ಜಾಗದಲ್ಲಿ ಚರ್ಮ ಗಟ್ಟಿಕಟ್ಟಿತ್ತು. ಬಲಗೈ ಡೆಂಟಿಸ್ಟರ ಕೈ: ನುಣುಪು, ಸದಾ ಸೋಪಿನ ವಾಸನೆ, ಗಿಡ್ಡಗೆ ಕತ್ತರಿಸಿದ ಉಗುರು. ಎಡಗೈ ಮಾತ್ರ ಗೇರ್ ಹಿಡಿದೂ ಹಿಡಿದೂ ಲಾರಿ ಡ್ರೈವರನ ಕೈಯಂತಾಗಿತ್ತು. ನಮ್ಮ ಅತ್ತೆ ಆ ಕೈ ಹಿಡಿದುಕೊಂಡು, "ಇದನ್ನ ನೋಡಿದ್ರೆ ಯಾವನೇ ನಿನ್ನ ಮದುವೆ ಆಗ್ತಾನೆ?" ಎನ್ನುವರು. "ಗೇರ್‌ಬಾಕ್ಸ್ ಗೊತ್ತಿರೋನು ಆಗ್ತಾನೆ ಬಿಡಮ್ಮ," ಎನ್ನುವಳು ಇವಳು. ಯಾರೂ ಆಗಲಿಲ್ಲ. ಅವಳೂ ಕಾಯಲಿಲ್ಲ.

ನಮ್ಮವರಿಗೆ ಅವಳು ಒಬ್ಬಳೇ ತಂಗಿ. ಬೆಸೆಂಟ್ ನಗರದ ನಮ್ಮ ಮನೆಯ ಮಹಡಿಯಲ್ಲಿದ್ದಳು, ಕ್ಲಿನಿಕ್ಕು ಅಣ್ಣಾ ನಗರದಲ್ಲಿ. ತೊಂಬತ್ತರ ದಶಕದ ಕೊನೆಗೆ, ಊರು ಬಿಟ್ಟು ಹೊರಟಿದ್ದ ವಿದೇಶಿ ಸಂಸಾರವೊಂದರಿಂದ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಕೊಂಡು ತಂದಳು. ಕಡುಹಸಿರು ಬಣ್ಣ, ಎತ್ತರ ನನ್ನ ಸೊಂಟಕ್ಕೆ ಬರುತ್ತಿತ್ತು. ಅತ್ತೆ ಒಮ್ಮೆ ಅದರಲ್ಲಿ ಕೂತು, "ಇದೇನೇ, ಎಲೆ ಮುಂದೆ ಕೂತ ಹಾಗಿದೆ! ಏಳೋಕೆ ಇಬ್ರು ಬೇಕು," ಎಂದರು. ನಿಜವೇ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಹೆಣ್ಣುಮಕ್ಕಳು ಕಾರಿನಿಂದ ಹೇಗೆ ಇಳಿಯಬೇಕೆಂದು ಕಲಿಸಿದ್ದರು. ಫ್ರ್ಯಾಂಕ್ಲಿ, ಈ ಕಾರಿನಿಂದ ಲೇಡಿಲೈಕ್ ಆಗಿ ಇಳಿಯುವುದು ಯಾವ ಮದರ್ ಸುಪೀರಿಯರರಿಂದಲೂ ಆಗದ ಕೆಲಸ.

ಭಾನುವಾರ ಟಿಫಿನ್ ಆದ ಮೇಲೆ ಅಣ್ಣ ತಂಗಿಗೆ ಒಂದೇ ವಾದ. ಈ ಗಾಡಿಗೆ ಮೊದಲು ಏನು ಹಾಕಿಸಬೇಕು? ನಮ್ಮವರಿಗೆ ಸದ್ದು ಬೇಕು, ವೇಗ ಬೇಕು.

"ಇಂಜಿನ್ ಮಾಡ್ಸೇ ಮೊದಲು. ಸ್ಪೋರ್ಟ್ಸ್ ಕಾರ್ ಅಂದ್ಮೇಲೆ ಓಡ್ಬೇಡ್ವೇ?"

"ಅಣ್ಣಾ, ಇದು ದಿನಾ ಕ್ಲಿನಿಕ್ಕಿಗೆ ಹೋಗೋ ಗಾಡಿ. ರೂಟ್ ಕೆನಾಲ್ ಮಾಡ್ದೆ ಯಾರಾದ್ರೂ ಕ್ರೌನ್ ಕೂರಿಸ್ತಾರಾ? ಮೊದ್ಲು ತುಕ್ಕು. ಆಮೇಲೆ ಟಯರು. ಆಮೇಲೆ ಬ್ರೇಕು. ಇಂಜಿನ್ ಎಲ್ಲಕ್ಕಿಂತ ಕೊನೆಗೆ."

"ಅಷ್ಟ್ರಲ್ಲಿ ನೀನು ಮುದುಕಿ ಆಗಿರ್ತೀಯ."

"ಆದ್ರೆ ಆಗ್ಲಿ. ಮುದುಕೀನೂ ಓಡಿಸ್ಬಹುದು."

ನಾವು ಮೂವರೂ ನಕ್ಕೆವು.

ಅವಳದೊಂದು ಪದ್ಧತಿಯಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ. ಅದನ್ನು ಹಾಕಿಸಿ ಒಂದು ಮಳೆಗಾಲ, ಇಲ್ಲವೇ ಒಂದು ಬೇಸಿಗೆ ಓಡಿಸಿ ನೋಡಿದ ಮೇಲೇ ಮುಂದಿನದು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದು ಹೇಗೆ ಎಂಬುದು ಅವಳ ಪ್ರಶ್ನೆ. ಪೆರಂಬೂರಿನಲ್ಲಿ ಅವಳ ಮೆಕ್ಯಾನಿಕ್ ಇದ್ದ. ಮೊದಲು ಸಮುದ್ರದ ಗಾಳಿಗೆ ಹಿಡಿದಿದ್ದ ತುಕ್ಕನ್ನು ಕೆರೆಸಿದಳು. ಮರುವರ್ಷ ಟಯರು. ಅದರ ಮರುವರ್ಷ ಬ್ರೇಕು. ಅದರಲ್ಲೂ ರೇಸಿನವರು ಹಾಕುವ ಪ್ಯಾಡು ಬೇಡ ಎಂದಳು. ಅವು ಬಿಸಿಯಾಗುವ ತನಕ ಸರಿಯಾಗಿ ಹಿಡಿಯುವುದಿಲ್ಲವಂತೆ. ಬೆಳಿಗ್ಗೆ ಗೇಟು ದಾಟಿದ ಕೂಡಲೇ ಅಡ್ಡ ಬರುವ ಹಾಲಿನವನಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು?

ಒಂದು ಸಂಜೆ ಅಡ್ಯಾರಿನಲ್ಲಿ ಧೋ ಎಂದು ಮಳೆ. ನಾನು ಪಕ್ಕದಲ್ಲಿದ್ದೆ. ಕಬ್ಬಿಣದ ಸರಳು ಹೇರಿಕೊಂಡ ಮೂರು ಚಕ್ರದ ಗಾಡಿಯೊಂದು ಸಂದಿಯಿಂದ ಸೀದಾ ನಮ್ಮೆದುರಿಗೆ ನುಗ್ಗಿತು. ಸರಳಿನ ತುದಿ ಗಾಜಿಗೆ ಒಂದು ಗೇಣು ದೂರವಿರುವಾಗ ಕಾರು ನಿಂತಿತು. ಜಾರಲಿಲ್ಲ, ಕಿರುಚಲಿಲ್ಲ, ಸುಮ್ಮನೆ ನಿಂತಿತು. ಗಾಡಿಯವನು ಬಗ್ಗಿ ನೋಡಿ, "ಯಮ್ಮಾ, ವೂಟ್ಲ ಸೊಲ್ಟು ವಂದಿಯಾ?" ಎಂದು ತಮಿಳಿನಲ್ಲಿ ಅಬ್ಬರಿಸಿದ. ಸಾಯೋಕೆ ಹೊರಟಿದ್ದೀಯಲ್ಲ, ಮನೇಲಿ ಹೇಳಿ ಬಂದೆಯಾ ಎಂಬ ನಮ್ಮೂರಿನ ಬೈಗುಳ ಅದು. ಇವಳು ಗಾಜಿಳಿಸಿ, "ಸೊಲ್ಲಿಟ್ಟೇನ್ ಅಣ್ಣಾ! ಅಣ್ಣಿ ಪಕ್ಕತ್ಲದಾನ್ ಇರುಕ್ಕಾಂಗ," ಎಂದು ನನ್ನತ್ತ ಕೈ ತೋರಿಸಿದಳು: ಹೇಳಿಯೇ ಬಂದಿದ್ದೇನೆ, ಅತ್ತಿಗೆ ಪಕ್ಕದಲ್ಲೇ ಇದ್ದಾರೆ. ಅವನು ನಕ್ಕುಬಿಟ್ಟ. ಗಾಜು ಏರಿಸಿದ ಮೇಲೆ ನನಗೆ ಹೇಳಿದಳು: "ಪರ್ಫಾರ್ಮೆನ್ಸ್ ಅಂದ್ರೆ ಇದು ಅತ್ತಿಗೆ. ಅಣ್ಣನಿಗೆ ಹೇಳಿ."

ಕಡೆಗೂ ಇಂಜಿನ್ನಿನ ಸರದಿ ಬಂತು. ಆದರೆ ಹೆಚ್ಚಿನ ಶಕ್ತಿ ತಡೆಯಲು ಗಟ್ಟಿ ಕ್ಲಚ್ ಬೇಕು. ಪದ್ಧತಿಯಂತೆ ಅದೊಂದನ್ನೇ ಮೊದಲು ಹಾಕಿಸಿದಳು. ಇಂಜಿನ್ ಮುಂದಿನ ಬೇಸಿಗೆಗೆ. "ಪೆಡಲ್ ಬಿಗಿಯಾಗಿರುತ್ತಮ್ಮಾ, ಟ್ರಾಫಿಕ್ಕಿನಲ್ಲಿ ಕಾಲು ನೋಯುತ್ತೆ," ಎಂದು ಮೆಕ್ಯಾನಿಕ್ ಮೊದಲೇ ತಮಿಳಿನಲ್ಲಿ ಎಚ್ಚರಿಸಿದ್ದ. ನೋವು ಬಂತು. ಕೆಲವು ವಾರದಲ್ಲಿ ಅಭ್ಯಾಸವಾಗುತ್ತದೆ ಎಂದಳು. ಆಗಲಿಲ್ಲ. ಮೆಟ್ಟಿಲು ಹತ್ತುವಾಗ ಎಡಗಾಲು ಎಳೆಯತೊಡಗಿತು. ಎಡಗಾಲಿನ ಚಪ್ಪಲಿ ನಡೆಯುವಾಗಲೇ ಜಾರಿ ಹಿಂದೆ ಉಳಿದುಬಿಡುತ್ತಿತ್ತು, ಅವಳಿಗೆ ಗೊತ್ತಾಗುತ್ತಲೂ ಇರಲಿಲ್ಲ. ನಾವು ಅದಕ್ಕೆ 'ಕ್ಲಚ್ ಕಾಲು' ಎಂದು ಹೆಸರಿಟ್ಟೆವು. ಅತ್ತೆ ರಾತ್ರಿ ಮಲಗುವ ಮುಂಚೆ ಎಳ್ಳೆಣ್ಣೆ ತಿಕ್ಕುವರು. "ಹಟಮಾರಿ ಕ್ಲಚ್ಚಿಗೆ ಹಟಮಾರಿ ಕಾಲು," ಎಂದು ನಮ್ಮವರು ರೇಗಿಸುವರು. ಅವಳೂ ನಗುವಳು. ಬೇರೆ ಯಾವ ಮನೆಯಲ್ಲಾದರೂ ಇಷ್ಟರಲ್ಲಿ ಡಾಕ್ಟರ ಬಳಿ ಹೋಗಿರುತ್ತಿದ್ದರು. ನಾವು ಮೆಕ್ಯಾನಿಕ್ಕನ ಬಳಿ ಹೋದೆವು.

ಅವಳು ಸೋಲೊಪ್ಪಿಕೊಂಡು ಹಳೆಯ ಕ್ಲಚ್ಚನ್ನೇ ಮತ್ತೆ ಹಾಕಿಸಿದಳು. ಪೆರಂಬೂರಿನಿಂದ ಮನೆಗೆ ಬಂದವಳು ಗೇಟಿನೊಳಗೆ ಕಾರು ನಿಲ್ಲಿಸಿ ಇಳಿಯದೆ ಕೂತಿದ್ದಳು. ನಾನು ಹೊರಗೆ ಬಂದೆ.

"ಅತ್ತಿಗೆ, ಸ್ವಲ್ಪ ನೀವು ಕೂತು ಕ್ಲಚ್ ಒತ್ತಿ ನೋಡ್ತೀರಾ?"

ಆಗಲೇ ನನಗೆ ಮಂಡಿನೋವು. ಸೆರಗು ಸಿಕ್ಕಿಸಿಕೊಂಡು, ಹೇಗೋ ಇಳಿದು ಕೂತು ಒತ್ತಿದೆ. ಹಾರ್ಮೋನಿಯಂ ಕಾಲುತಿದಿಯ ಹಾಗೆ, ಒತ್ತಿದ ಕೂಡಲೇ ನೆಲದವರೆಗೂ ಇಳಿಯಿತು. ಇನ್ನೊಮ್ಮೆ ಒತ್ತಿದೆ. ಅವಳು ಬಾಗಿಲು ಹಿಡಿದು ನಿಂತು ನನ್ನ ಕಾಲನ್ನೇ ನೋಡುತ್ತಿದ್ದಳು.

"ಹೇಗಿದೆ?"

"ಹಗುರ ಇದೆ ಕಣೇ."

"ಪೂರ್ತಿ ಹಗುರಾನಾ?"

"ಪೂರ್ತಿ."

ಅವಳು ನನ್ನ ಕಾಲಿನಿಂದ ಕಣ್ಣು ತೆಗೆದು ತನ್ನ ಎಡಗಾಲನ್ನು ನೋಡಿಕೊಂಡಳು. ಆಮೇಲೆ, "ಹಾಗಾದ್ರೆ ತೊಂದ್ರೆ ಗಾಡೀದಲ್ಲ," ಎಂದಳು.

ನರಗಳ ಕಾಯಿಲೆ. ಒಂದೊಂದಾಗಿ ಎಲ್ಲ ಸ್ನಾಯುಗಳನ್ನೂ ಕಳಚಿಹಾಕುತ್ತದೆ, ಬುದ್ಧಿಯನ್ನು ಮಾತ್ರ ಮುಟ್ಟುವುದಿಲ್ಲ, ಮದ್ದಿಲ್ಲ. ಪರೀಕ್ಷೆಗಳೆಲ್ಲ ಮುಗಿದು ಡಾಕ್ಟರು ಬಾಯಿ ತೆರೆಯುವ ಮೊದಲೇ ಅವಳಿಗೆ ತಿಳಿದಿತ್ತು. ಬೇಗ ತೋರಿಸಿದ್ದರೆ ಎಂದು ನಮ್ಮವರು ಶುರುಮಾಡಿದರು. "ಬೇಗ ತೋರಿಸಿದ್ರೆ ಬೇಗ ಗೊತ್ತಾಗ್ತಿತ್ತು, ಅಷ್ಟೇ ಅಣ್ಣಾ," ಎಂದಳು.

ಆದರೆ ಕಾರು ಬಿಡಲಿಲ್ಲ. ಕ್ಲಚ್ ಒತ್ತದೆಯೇ ಓಡಿಸಲು ಕಲಿತಳು. ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಅದು ಇಳಿಯುವ ಒಂದು ಕ್ಷಣ ನೋಡಿಕೊಂಡು ಗೇರ್ ಜಾರಿಸುವುದು. ಸಿಗ್ನಲ್ಲಿನಲ್ಲಿ ಇಂಜಿನ್ ಆರಿಸಿ, ಗೇರಿನಲ್ಲಿರುವಾಗಲೇ ಕೀ ತಿರುಗಿಸುವುದು. ಕಾರು ಒಂದು ಸಲ ಕುಪ್ಪಳಿಸಿ ಹೊರಡುತ್ತಿತ್ತು. ಅವಳು ಸಂಜೆ ಗೇಟು ಸೇರುವವರೆಗೆ ನಮಗೆ ಜೀವದಲ್ಲಿ ಜೀವವಿರುತ್ತಿರಲಿಲ್ಲ. ಅವಳ ಜೀವದ ಮಾತಷ್ಟೇ ಅಲ್ಲ, ರಸ್ತೆ ತುಂಬ ಜನ, ಸ್ಕೂಲಿನ ಮಕ್ಕಳು. ಒಂದು ದಿನ ನಮ್ಮವರು ತಡೆಯಲಾರದೆ ಕೈ ಚಾಚಿದರು.

"ಕೀ ಕೊಡು ಇಲ್ಲಿ. ಕ್ಲಚ್ಚಿಲ್ಲದ ಆಟೊಮ್ಯಾಟಿಕ್ ಗಾಡಿ ಕೊಡಿಸ್ತೀನಿ, ಡ್ರೈವರ್ ಇಡ್ತೀನಿ. ಯಾರನ್ನಾದ್ರೂ ಕೊಂದ್ರೆ?"

"ನಿಲ್ಲಿಸೋದು ನಂಗೆ ಗೊತ್ತು. ನೀ ಕೇಳ್ಬೇಡ ಅಣ್ಣಾ, ಕೇಳಿದ್ರೆ ಕೊಡಲ್ಲ. ಕೇಳ್ದೇ ಇದ್ರೆ ನಾನೇ ಕೊಡ್ತೀನಿ."

"ಯಾವಾಗ?"

"ಗೊತ್ತಾಗತ್ತೆ."

ಅವರು ನನ್ನ ಮುಖ ನೋಡಿದರು. ನಾನು ಅಡುಗೆಮನೆಗೆ ಹೋದೆ. ಅವಳ ಪರವೂ ನಿಲ್ಲಲಾರೆ, ಎದುರೂ ನಿಲ್ಲಲಾರೆ.

ಒಂದು ಮಧ್ಯಾಹ್ನ ಫೋನ್ ಬಂತು. "ಅತ್ತಿಗೆ, ಆಟೋ ಹಿಡ್ಕೊಂಡು ಬನ್ನಿ. ಗಾಂಧಿ ಮಂಟಪದ ಹತ್ರ ಮರದ ಕೆಳಗಿದೀನಿ. ಗಾಡಿ ನೀವು ಓಡಿಸ್ಬೇಕು."

"ಆಕ್ಸಿಡೆಂಟಾ?"

"ಅಲ್ಲ. ನಿಧಾನಕ್ಕೆ ಬನ್ನಿ."

ನಾನು ಹೋಗುವಷ್ಟರಲ್ಲಿ, ಹೇಗೆ ಸರಿದಳೋ ದೇವರೇ ಬಲ್ಲ, ಪಕ್ಕದ ಸೀಟಿನಲ್ಲಿ ಕೂತಿದ್ದಳು. ಕುರ್ತಾ ಬೆವರಿನಿಂದ ಮೈಗಂಟಿತ್ತು. ಕಾರಿಗೆ ಒಂದು ಗೀರೂ ಇರಲಿಲ್ಲ.

"ಏನಾಯ್ತೇ?"

"ಬಲಗಾಲು ಬ್ರೇಕಿಗೆ ಸ್ವಲ್ಪ ತಡವಾಗಿ ಹೋಯ್ತು. ಮುಂದಿನ ಬಸ್ಸಿಗೂ ನಂಗೂ ಮಧ್ಯೆ ನಿನ್ನೆಯಷ್ಟು ಜಾಗ ಉಳೀಲಿಲ್ಲ."

"ಯಾರಿಗೂ ಏನೂ ಆಗಿಲ್ವಲ್ಲ?"

"ಇಲ್ಲ. ಅದಕ್ಕೇ ಇವತ್ತೇ."

ನಾನು ಓಡಿಸಿದೆ. ಎರಡು ಕಡೆ ಇಂಜಿನ್ ಆಫ್ ಆಯಿತು, ಹಿಂದಿನಿಂದ ಹಾರ್ನೋ ಹಾರ್ನು. ಬೇರೆ ದಿನವಾಗಿದ್ದರೆ ನನ್ನನ್ನು ಹುರಿದು ಮುಕ್ಕುತ್ತಿದ್ದಳು. ಅಂದು ಕಿಟಕಿಯಾಚೆ ನೋಡುತ್ತಾ, "ಎರಡನೇ ಗೇರ್ ಅತ್ತಿಗೆ," ಎಂದಷ್ಟೇ ಮೆಲ್ಲಗೆ ಹೇಳಿದಳು. ಮನೆ ಸೇರಿದ ಮೇಲೆ ಕೀ ತೆಗೆದು ಅಣ್ಣನ ಕೈಯಲ್ಲಿಟ್ಟಳು. ಅವರು ಅಷ್ಟು ದಿನದಿಂದ ಬೇಡಿದ್ದು ಅದನ್ನೇ. ಕೈಗೆ ಬಂದಾಗ ಮಗುವಿನ ಹಾಗೆ ಅತ್ತರು. ಆಸೆಪಟ್ಟ ಇಂಜಿನ್ ಕೆಲಸವನ್ನಾದರೂ ಮಾಡಿಸೋಣ, ನಾನೇ ನಿನ್ನನ್ನು ಕೂರಿಸಿಕೊಂಡು ಹೋಗುತ್ತೇನೆ ಎಂದರು.

"ನಿನ್ನ ಕಾಲಿಗೆ ನನ್ನ ಇಂಜಿನ್ನಾ? ಬೇಡ," ಎಂದಳು. ಕಾರನ್ನು ಮಾರಿದೆವು.

ಆಮೇಲಿನ ತಿಂಗಳುಗಳನ್ನು ಬರೆಯಲು ನನಗೆ ಮನಸ್ಸಿಲ್ಲ. ಒಂದನ್ನು ಮಾತ್ರ ಬರೆಯುತ್ತೇನೆ. ಮಾತು ತೊದಲತೊಡಗಿದಾಗ ನನ್ನ ಕೈಯಲ್ಲಿ ಕನ್ನಡಿ ಹಿಡಿಸಿ, ಬಾಯಿ ತೆರೆದು ತನ್ನ ನಾಲಿಗೆಯನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಚರ್ಮದಡಿಯಲ್ಲಿ ಹುಳು ಹರಿದಂತೆ ಅದು ಸದಾ ಅದುರುತ್ತಿತ್ತು. ಪೇಷೆಂಟಿನ ಬಾಯಿ ನೋಡುವಾಗ ಇರುತ್ತಿದ್ದ ಅದೇ ಗಂಭೀರ ಮುಖ. ನೋಡಿಯಾದ ಮೇಲೆ ಕಣ್ಣಿನಿಂದಲೇ ಸಾಕು ಎನ್ನುವಳು. ಅತ್ತೆ ಎಂಬತ್ತು ದಾಟಿದ ಕೈಯಲ್ಲಿ ಚಮಚದಿಂದ ಗಂಜಿ ಕುಡಿಸಿದರು, ಕೊನೆಗೆ ಅದೂ ಇಳಿಯಲಿಲ್ಲ. ಐವತ್ತು ತುಂಬುವ ಮೊದಲೇ ಹೋದಳು. ಉಸಿರಾಡುವ ಸ್ನಾಯುಗಳ ಸರದಿ ಕೊನೆಯದು.

ನನಗೀಗ ಎಪ್ಪತ್ತೆಂಟು. ಹೋದ ವರ್ಷದವರೆಗೂ ನಮ್ಮ ಪುಟ್ಟ ಕಾರನ್ನು ಮಾರ್ಕೆಟ್ಟಿಗೆ, ಲೈಬ್ರರಿಗೆ ನಾನೇ ಓಡಿಸುತ್ತಿದ್ದೆ. ಒಂದು ಬೆಳಿಗ್ಗೆ ಎಡಗಡೆಯಿಂದ ಬಂದ ಸ್ಕೂಟರಿನ ಹುಡುಗಿ ನನಗೆ ಒಂದು ಕ್ಷಣ ತಡವಾಗಿ ಕಂಡಳು. ಅವಳು ತನ್ನ ಪಾಡಿಗೆ ದಾಟಿಕೊಂಡು ಹೋದಳು, ನನ್ನತ್ತ ತಿರುಗಿಯೂ ನೋಡಲಿಲ್ಲ. ನಾನು ಮನೆಗೆ ಬಂದು ಪೇಪರ್ ಓದುತ್ತಿದ್ದ ನಮ್ಮವರ ಮುಂದೆ ಕೀ ಇಟ್ಟೆ.

"ಏನಾಯ್ತು?" ಎಂದರು ಗಾಬರಿಯಾಗಿ.

"ಏನೂ ಆಗಿಲ್ಲ," ಎಂದೆ.

ಅವರು ಬಹಳ ಹೊತ್ತು ಆ ಕೀಯನ್ನೇ ನೋಡುತ್ತಾ ಕೂತರು. ಆಮೇಲೆ ತೆಗೆದು ಶರ್ಟಿನ ಜೇಬಿಗೆ ಹಾಕಿಕೊಂಡು, ನನಗೆ ಮುಖ ಕಾಣದ ಹಾಗೆ ಪೇಪರನ್ನು ಎತ್ತಿ ಹಿಡಿದರು.