ಸೂರ್ಯನ ಕಡೆ, ಕಣ್ಣಿನ ಕಡೆ: ಬಿಸಿಲಮ್ಮನವರಿಗೆ ಒಂದು ಸಿಟ್ಟಿನ ನಮಸ್ಕಾರ

ಆಕಾಶ ಬಲ್ಲವರಿಗೆ ನಮ್ಮಲ್ಲಿ ಬರವಿಲ್ಲ. ಗ್ರಹಣ ಎಲ್ಲಿ ಹಿಡಿಯುತ್ತದೆ, ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ನಾಲಿಗೆಯ ತುದಿಯಲ್ಲೇ ಲೆಕ್ಕ ಇಟ್ಟುಕೊಂಡ ವಿದ್ವಾಂಸರಿದ್ದಾರೆ. ಸೂರ್ಯನ ಹೊರಪದರದ ಕುರಿತು ಪ್ರಬಂಧ ಮಂಡಿಸಿ ಪದಕ ತಂದವರಿದ್ದಾರೆ. ಅಂಥವರ ಭಾವಚಿತ್ರಗಳು ನಮ್ಮ ವಿಜ್ಞಾನ ಕೇಂದ್ರದ ಮೊಗಸಾಲೆಯಲ್ಲಿ ಸಾಲಾಗಿ ತೂಗುತ್ತಿವೆ. ಆದರೆ ಗ್ರಹಣದ ದಿನ ಬಯಲಿಗೆ ಬಂದು ನಿಲ್ಲುವ ಜನಸಾಮಾನ್ಯರ ಕಣ್ಣುಗಳು ಬಂದಂತೆಯೇ ಮನೆಗೆ ಮರಳಬೇಕು ಎಂಬ ಒಂದೇ ಚಿಂತೆಯನ್ನು ಇಡೀ ವೃತ್ತಿಜೀವನದ ಕೆಲಸವನ್ನಾಗಿ ಮಾಡಿಕೊಂಡವರು ನಾನು ಕಂಡಂತೆ ಒಬ್ಬರೇ. ಅವರು ಈ ತಿಂಗಳು ಕೇಂದ್ರದ ಸಾರ್ವಜನಿಕ ವೀಕ್ಷಣಾ ವಿಭಾಗದಿಂದ ನಿವೃತ್ತರಾಗುತ್ತಿರುವ, ನಾವೆಲ್ಲ ಪ್ರೀತಿಯಿಂದಲೂ ಸ್ವಲ್ಪ ಭಯದಿಂದಲೂ ಬಿಸಿಲಮ್ಮ ಎಂದು ಕರೆಯುವ ಹಿರಿಯರು. ಅವರ ಭಾವಚಿತ್ರ ಮೊಗಸಾಲೆಯಲ್ಲಿಲ್ಲ.

ಅವರ ನಿವೃತ್ತಿಗೆಂದು ಕೇಂದ್ರ ತರುತ್ತಿರುವ ಈ ಅಭಿನಂದನಾ ಸಂಪುಟಕ್ಕೆ ಲೇಖನ ಕೇಳಿದ ಸಮಿತಿಯವರು, ಬರಹ ಉದ್ದವಾಗದಿರಲಿ, ಕಹಿಯಾಗದಿರಲಿ ಎಂದು ವಿನಯದಿಂದ ಸೂಚಿಸಿದ್ದಾರೆ. ಮೊದಲನೆಯದಕ್ಕೆ ಪ್ರಯತ್ನಿಸುತ್ತೇನೆ, ಎರಡನೆಯದು ನನ್ನ ಕೈಲಾಗದು. ಇತರ ಲೇಖನಗಳ ಕರಡು ನೋಡಿದೆ. ಅವುಗಳಲ್ಲಿ ಬಿಸಿಲಮ್ಮನವರನ್ನು ಮಿತಭಾಷಿ, ಸಹನಾಮೂರ್ತಿ, ಅಜಾತಶತ್ರು ಎಂದೆಲ್ಲ ಕೊಂಡಾಡಲಾಗಿದೆ. ಓದಿ ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ಅವರು ಅಷ್ಟೊಂದು ಅಜಾತಶತ್ರುವಾಗಿದ್ದರೆ, ಸೇವೆಯ ಕೊನೆಯ ವರ್ಷದಲ್ಲಿ ಅವರ ಮೇಜನ್ನು ಕಿಟಕಿಯ ಕೋಣೆಯಿಂದ ಎತ್ತಿಸಿ ಮೆಟ್ಟಿಲ ಕೆಳಗಿನ ಉಗ್ರಾಣದಲ್ಲಿ ಇಡಿಸಿದವರು ಯಾರು? ಹಾಗೆ ಇಡಿಸಿದವರೇ ಈ ಸಂಪುಟಕ್ಕೆ ಮುನ್ನುಡಿಯನ್ನೂ ಬರೆದಿದ್ದಾರೆ.

ನಾನು ಅವರನ್ನು ಮೊದಲು ಕಂಡದ್ದು ಕಾಲೇಜಿನ ದಿನಗಳಲ್ಲಿ, ಗ್ರಹಣದ ಸ್ವಯಂಸೇವಕಿಯಾಗಲು ಹೋದಾಗ. ಮೇಜಿನ ಮೇಲೆ ಒಂದು ದೂರದರ್ಶಕವನ್ನು ಮಲಗಿಸಿ ಅವರು ನಮ್ಮನ್ನು ಸುತ್ತಲೂ ನಿಲ್ಲಿಸಿದ್ದರು. ಅದರ ಒಂದು ತುದಿ ಮುಟ್ಟಿ, “ಇದು ಯಾವ ಕಡೆ?” ಎಂದು ಕೇಳಿದರು. ನಾನು ಜಾಣೆಯಂತೆ, “ಮುಂದಿನ ಕಡೆ” ಎಂದೆ.

“ಯಾರ ಮುಂದೆ? ನಿನ್ನ ಮುಂದೇನಾ, ಸೂರ್ಯನ ಮುಂದೇನಾ? ಮುಂದೆ ಹಿಂದೆ ಅನ್ನೋ ಮಾತು ಇಲ್ಲಿ ಆಡಬೇಡ. ಇದು ಸೂರ್ಯನ ಕಡೆ, ಇದು ಕಣ್ಣಿನ ಕಡೆ. ಬಿಸಿಲು ತಡೆಯೋ ಫಿಲ್ಟರ್ ಹಾಕೋದು ಯಾವಾಗ್ಲೂ ಸೂರ್ಯನ ಕಡೆಗೆ.”

ಯಾಕೆಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರವನ್ನು ನಾನು ಇಂದಿಗೂ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. “ಕಳ್ಳನ್ನ ಹೊಸ್ತಿಲಲ್ಲೇ ತಡೀಬೇಕು. ಮನೆಯೊಳಗೆಲ್ಲ ಬಿಟ್ಟುಕೊಂಡು ಬೀರು ಹತ್ರ ಕೈ ಅಡ್ಡ ಹಿಡಿದ್ರೆ ಏನು ಬಂತು? ಗಾಜು ಬಿಸಿಲನ್ನೆಲ್ಲ ಒಟ್ಟು ಮಾಡಿ ಕಣ್ಣಿನ ಕಡೆಗೆ ತಂದು ಬಿಡುತ್ತೆ. ಅಲ್ಲಿ ಎಂಥ ಫಿಲ್ಟರ್ ಇಟ್ರೂ ಕಾದು ಒಡೆಯುತ್ತೆ. ಆಮೇಲೆ ಕಣ್ಣು ಮುಚ್ಚೋಕೂ ಸಮಯ ಸಿಗಲ್ಲ.”

ಅವರ ಸಿದ್ಧತೆ ಗ್ರಹಣಕ್ಕೆ ತಿಂಗಳುಗಟ್ಟಲೆ ಮೊದಲೇ ಶುರುವಾಗುತ್ತಿತ್ತು. ರಟ್ಟಿನ ಕನ್ನಡಕಗಳನ್ನು ಒಂದೊಂದಾಗಿ ಬಲ್ಬಿಗೆ ಹಿಡಿದು ನೋಡಿ, ಗೀರು ಬಿದ್ದದ್ದು, ಸೂಜಿಮೊನೆಯಷ್ಟು ತೂತಾದದ್ದು ಕಂಡರೆ ಅಲ್ಲೇ ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದರು. ಚೊಕ್ಕವಾಗಿದೆಯಲ್ಲ, ಸುಮ್ಮನೆ ಯಾಕೆ ದಂಡ ಎಂದವರಿಗೆ ಅದನ್ನೇ ಕೊಟ್ಟು, ನಿಮ್ಮ ಮಗುವಿಗೆ ಹಾಕಿ ನೋಡೋಣ ಎನ್ನುತ್ತಿದ್ದರು. ಕನ್ನಡಕವನ್ನು ತಲೆ ತಗ್ಗಿಸಿ ಹಾಕಿಕೊಂಡು ಆಮೇಲೆ ತಲೆ ಎತ್ತಬೇಕು, ತೆಗೆಯುವಾಗಲೂ ಮೊದಲು ಮುಖ ತಿರುಗಿಸಬೇಕು ಎಂದು ಶಾಲೆಗಳ ಅಂಗಳದಲ್ಲಿ ಕವಾಯತು ಮಾಡಿಸುತ್ತಿದ್ದರು. ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು, ತಂಪು ಕನ್ನಡಕ ಹಿಡಿದು ಬಂದವರಿಗೆಲ್ಲ ಒಂದೇ ಮಾತು: “ಕಪ್ಪಗಿರೋದೆಲ್ಲ ಕಾಪಾಡಲ್ಲ.” ಏನೂ ಇಲ್ಲದವರನ್ನು ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿ, ಅಡುಗೆಮನೆಯ ಜರಡಿಯನ್ನು ಬಿಸಿಲಿಗೆ ಹಿಡಿಸಿ, ನೆಲದ ಮೇಲೆ ಬಿದ್ದ ನೂರಾರು ಪುಟ್ಟ ಕುಡುಗೋಲು ಸೂರ್ಯರನ್ನು ತೋರಿಸುತ್ತಿದ್ದರು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತಾರೆ, ನಮ್ಮ ತೂತು ಮಾತ್ರ ಯಾರನ್ನೂ ಕೆಡಿಸಲ್ಲ ಎಂದು ಅವರೇ ಮೊದಲು ನಗುತ್ತಿದ್ದರು.

ನಾನು ಸ್ವಯಂಸೇವಕಿಯಾದ ವರ್ಷವೇ ನನ್ನ ತಂದೆ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದರು. ಗ್ರಹಣದ ದಿನ ಅವರ ಬಳಿ ಇರಬೇಕಾಗಿದೆ, ಬಯಲಿಗೆ ಬರಲಾರೆ ಎಂದು ನಾನು ಹೇಳಿದಾಗ ಬಿಸಿಲಮ್ಮನವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆ ದಿನ ಬಯಲಿನಿಂದ ಸ್ವಲ್ಪ ಹೊತ್ತು ಬಿಡುವು ಮಾಡಿಕೊಂಡು ಬಂದು, ಒಂದು ಸಣ್ಣ ಕನ್ನಡಿಗೆ ಕಾಗದ ಅಂಟಿಸಿ, ನಡುವೆ ಬೆರಳುಗುರಿನಷ್ಟು ಜಾಗ ಮಾತ್ರ ತೆರೆದಿಟ್ಟು, ಆಸ್ಪತ್ರೆಯ ಅಂಗಳದಲ್ಲಿ ಸ್ಟೂಲಿನ ಮೇಲೆ ನಿಲ್ಲಿಸಿದರು. ವಾರ್ಡಿನ ಒಳಗೋಡೆಯ ಮೇಲೆ, ಹಾಸಿಗೆ ಬಿಟ್ಟೇಳಲಾಗದವರೆಲ್ಲರ ಕಣ್ಣೆದುರು, ಚಂದ್ರ ಕಚ್ಚಿದ ಸೂರ್ಯ ಮೂಡಿದ. ನನ್ನ ತಂದೆ ಮೊಣಕೈ ಊರಿ ತಲೆ ಎತ್ತಿ ನೋಡಿದರು. ಗೋಡೆಯ ಮೇಲಿನ ಚಿತ್ರ ನೋಡಿ, ಕನ್ನಡಿಯನ್ನ ಯಾರೂ ನೋಡಬೇಡಿ ಎಂದು ಕಿಟಕಿಯ ಹೊರಗಿನಿಂದ ಬಿಸಿಲಮ್ಮನವರು ಗದರುತ್ತಲೇ ಇದ್ದರು. ನಾನು ಕಣ್ಣಿನ ಪರೀಕ್ಷೆಯ ವೃತ್ತಿಗೆ ಬಂದದ್ದು ಆ ದಿನದ ದೆಸೆಯಿಂದ.

ಇನ್ನು ಸಮಿತಿಯವರಿಗೆ ಬೇಡವಾದ ಭಾಗ.

ಕಳೆದ ಗ್ರಹಣಕ್ಕೆ ಮುನ್ನ ಕೇಂದ್ರವು ಊರೂರಿನ ಶಾಲೆಗಳಿಗೆ ದೂರದರ್ಶಕಗಳನ್ನೂ ಒಂದು ಕೈಪಿಡಿಯನ್ನೂ ಕಳಿಸಿತು. ಕೈಪಿಡಿಯನ್ನು ಬರೆದವರು ಬಿಸಿಲಮ್ಮನವರು. “ಫಿಲ್ಟರನ್ನು ಸೂರ್ಯನ ಕಡೆಯ ತುದಿಗೆ ಹಾಕಿ, ಕಣ್ಣಿನ ಕಡೆಗೆ ಬೇಡವೇ ಬೇಡ” ಎಂದು ಅವರು ಬರೆದದ್ದು ಪ್ರಕಟಣಾ ವಿಭಾಗಕ್ಕೆ ಆಡುಮಾತಿನಂತೆ ಕಂಡಿತು. ಸರ್ಕಾರಿ ಪುಸ್ತಕಕ್ಕೆ ಘನತೆ ಬೇಡವೇ? ತಿದ್ದಿದರು. ಅಚ್ಚಾಗಿ ಬಂದದ್ದು ಹೀಗೆ: “ಶೋಧಕವನ್ನು ದೂರದರ್ಶಕದ ಮುಂಭಾಗದಲ್ಲಿ ಅಳವಡಿಸತಕ್ಕದ್ದು.” ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ. ಅವರಿಗೆ ಕರಡು ತೋರಿಸಲಿಲ್ಲ. ಪ್ರತಿಗಳು ಹೊರಟುಹೋದ ಮೇಲೆ ಒಂದು ಕೈಗೆ ಸಿಕ್ಕಿತು. ಓದಿದ ಕೂಡಲೇ ನಿರ್ದೇಶಕರ ಕೋಣೆಗೆ ಹೋಗಿ, ಎಲ್ಲ ಶಾಲೆಗಳಿಗೂ ಫೋನ್ ಮಾಡಿಸಿ ಎಂದು ಬೇಡಿಕೊಂಡರು. ಮುಂಭಾಗ ಅಂದರೆ ಯಾರಿಗೆ ತಾನೆ ಗೊತ್ತಾಗುವುದಿಲ್ಲ ಎಂದರಂತೆ ನಿರ್ದೇಶಕರು. ಬಿಸಿಲಮ್ಮನವರು ತಮ್ಮ ಸ್ವಂತ ಫೋನಿನಿಂದ ಸಿಕ್ಕಷ್ಟು ಶಾಲೆಗಳಿಗೆ ತಿಳಿಸಿದರು. ಪಕ್ಕದ ಊರಿನ ಶಾಲೆಯ ಫೋನು ಕೆಟ್ಟಿತ್ತು.

ಆ ಶಾಲೆಯಲ್ಲಿ ದೂರದರ್ಶಕದ ಹೊಣೆ ಚಿತ್ರಕಲೆಯ ಮೇಷ್ಟ್ರಿಗೆ ಬಿದ್ದಿತ್ತು. ಒಳ್ಳೆಯ ಮನುಷ್ಯ, ಕೈಪಿಡಿಯನ್ನು ಮನನ ಮಾಡಿಕೊಂಡೇ ಬಂದಿದ್ದರು. ಕಣ್ಣಿಡುವ ಕಡೆ ನಿಂತವನಿಗೆ ತನ್ನ ಮುಂದೆ ಇರುವುದೇ ಮುಂಭಾಗ. ಅವರು ಫಿಲ್ಟರನ್ನು ಕಣ್ಣಿನ ಕಡೆಗೇ ಹಾಕಿದರು. ಸರದಿಯಲ್ಲಿ ಮೊದಲ ಕೆಲವರು ನೋಡಿ ಖುಷಿಪಟ್ಟು ಹೋದರು. ಅಷ್ಟರಲ್ಲಿ ಗಾಜು ಕಾಯುತ್ತಿತ್ತು. ನಂತರದವರು ಒಬ್ಬ ದರ್ಜಿ, ಅವರ ಹಿಂದೆ ಅವರ ಶಾಲೆಗೆ ಹೋಗುವ ಮಗಳು. ದರ್ಜಿ ಬಲಗಣ್ಣು ಇಟ್ಟಿದ್ದಾಗ ಫಿಲ್ಟರ್ ಚಟ್ಟನೆ ಸೀಳಿತು. ತಲೆ ಹಿಂದಕ್ಕೆ ಎಳೆದುಕೊಂಡರು, ಕಣ್ಣೆಲ್ಲ ಬಿಳಿ. ಮಗಳು ಮುಂದೆ ಬರುತ್ತಿರುವುದು ಹೆಜ್ಜೆಯ ಸದ್ದಿನಲ್ಲಿ ತಿಳಿಯಿತು. ಅವರು ಅಂಗೈಯನ್ನು ಕಣ್ಣಿಡುವ ಕಡೆಯ ಗಾಜಿನ ಮೇಲೆ ಒತ್ತಿ ಹಿಡಿದು, ಮೇಷ್ಟ್ರು ಓಡಿಬಂದು ದೂರದರ್ಶಕವನ್ನು ಬೇರೆ ಕಡೆಗೆ ತಿರುಗಿಸುವವರೆಗೂ ತೆಗೆಯಲಿಲ್ಲ.

ಮರುದಿನ ದರ್ಜಿ ನಮ್ಮ ಆಸ್ಪತ್ರೆಗೆ ಬಂದಾಗ ಪರೀಕ್ಷೆ ಮಾಡಿದವಳು ನಾನು. “ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ ಮೇಡಂ. ಸುತ್ತಮುತ್ತ ಎಲ್ಲ ಕಾಣುತ್ತೆ. ಎಲ್ಲಿ ನೋಡ್ತೀನೋ ಅಲ್ಲಿ ಮಾತ್ರ ಏನೂ ಇಲ್ಲ” ಎಂದರು. ಕಣ್ಣಿನ ಒಳಪರದೆ ಸುಟ್ಟರೆ ನೋವಾಗುವುದಿಲ್ಲ, ಅದಕ್ಕೇ ಜನ ಮೋಸಹೋಗುತ್ತಾರೆ. ಅವರಿಗೆ ನೋಯುತ್ತಿದ್ದದ್ದು ಅಂಗೈ. ಅದರ ನಡುವೆ ಅಂಗಿಯ ಗುಂಡಿಯಷ್ಟು ಅಗಲ ಬೊಬ್ಬೆ ಎದ್ದಿತ್ತು. ಮಗಳ ಕಣ್ಣುಗಳನ್ನೂ ನೋಡಿದೆ. ಎರಡೂ ಚೆನ್ನಾಗಿದ್ದವು.

ಕೇಂದ್ರ ಹೊರಡಿಸಿದ ವರದಿಯಲ್ಲಿ ಏನಿತ್ತು ಗೊತ್ತೇ? “ಕೇಂದ್ರದ ಸೂಚನೆಗಳು ಸುಸ್ಪಷ್ಟವಾಗಿದ್ದು, ವೀಕ್ಷಕರೊಬ್ಬರ ಅಜಾಗರೂಕತೆಯಿಂದ ಸಣ್ಣ ಅವಘಡ ಸಂಭವಿಸಿದೆ.” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪತ್ರಿಕೆಗಳು ಅದನ್ನೇ ಅಚ್ಚು ಮಾಡಿದವು. ಅಜಾಗರೂಕ ದರ್ಜಿಯ ಕೈಗೆ ಯಾರು ಬಟ್ಟೆ ಕೊಡುತ್ತಾರೆ? ಎಡಗಣ್ಣಿನಲ್ಲಿ ಹೊಲಿಯುವುದನ್ನು ಅವರು ಕಷ್ಟಪಟ್ಟು ಕಲಿತರು, ಆದರೆ ಅಷ್ಟರಲ್ಲಿ ಅಂಗಡಿಗೆ ಬರುವ ಜನ ಕಡಿಮೆಯಾಗಿದ್ದರು.

ಬಿಸಿಲಮ್ಮನವರು ಬಸ್ಸು ಹಿಡಿದು ಪಕ್ಕದ ಊರಿಗೆ ಹೋದರು. ಮೊದಲು ಮುಖ ತಪ್ಪಿಸಿ ಓಡಾಡುತ್ತಿದ್ದ ಚಿತ್ರಕಲೆಯ ಮೇಷ್ಟ್ರನ್ನು ಹುಡುಕಿ, “ನೀವು ಓದಿದ್ದನ್ನೇ ಮಾಡಿದ್ರಿ. ಪದ ತಿದ್ದಿದವರು ಹೇಳಬೇಕಾದ ಉತ್ತರವನ್ನ ನೀವು ಹೇಳಬೇಡಿ” ಎಂದರು. ಆಮೇಲೆ ದರ್ಜಿಯ ಅಂಗಡಿಗೆ ಹೋಗಿ, ಅನುಕಂಪದ ಒಂದು ಮಾತೂ ಆಡದೆ, ಕೆಲಸ ಕೊಟ್ಟರು: ಕೇಂದ್ರದ ಎಲ್ಲ ದೂರದರ್ಶಕಗಳಿಗೂ ಫಿಲ್ಟರನ್ನು ಗಾಳಿಗೆ ಹಾರದಂತೆ ಬಿಗಿಹಿಡಿಯುವ, ಸೂರ್ಯನ ಕಡೆಯ ತುದಿಗೆ ಮಾತ್ರ ಕೂರುವ ಕೆಂಪು ಬಟ್ಟೆಯ ಪಟ್ಟಿಗಳು. ಒಂದು ಹೊಲಿಗೆ ಸಡಿಲವಾಗಿದ್ದರೂ ಬಿಚ್ಚಿಸಿ ಮತ್ತೆ ಹಾಕಿಸಿದರು. ಇಂದು ನಮ್ಮ ಕೇಂದ್ರ ಯಾವ ಊರಿಗೆ ದೂರದರ್ಶಕ ಕಳಿಸಿದರೂ ಜನರ ಕಣ್ಣು ಕಾಯುವುದು ಆ ‘ಅಜಾಗರೂಕ’ ಮನುಷ್ಯನ ಹೊಲಿಗೆ.

ವರದಿಯ ‘ಅಜಾಗರೂಕತೆ’ಯ ಮಾತನ್ನು ಹಿಂತೆಗೆದುಕೊಳ್ಳಿ ಎಂದು ಬಿಸಿಲಮ್ಮನವರು ಎಷ್ಟು ಸಲ ಕೇಳಿದರೋ ಲೆಕ್ಕವಿಲ್ಲ. ಒಮ್ಮೆ ನಾನೂ ವೈದ್ಯಕೀಯ ವಿವರ ಹೇಳಲು ಜೊತೆಗೆ ಹೋಗಿದ್ದೆ. ನಿರ್ದೇಶಕರು ಕುರ್ಚಿ ಕೊಟ್ಟರು, ಕಾಫಿ ತರಿಸಿದರು.

“ಆದದ್ದು ಆಗಿಹೋಯ್ತು. ಒಂದು ಪದಕ್ಕೆ ಇಷ್ಟು ಹಟ ಯಾಕೆ ಮೇಡಂ?”

“ಒಂದು ಪದಕ್ಕೇ ಅಲ್ವಾ ಸರ್, ಅವರ ಕಣ್ಣು ಹೋಗಿದ್ದು” ಎಂದರು ಬಿಸಿಲಮ್ಮನವರು.

ನಿರ್ದೇಶಕರು ಕಾಫಿ ಆರುತ್ತಿದೆ ಎಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮೇಜು ಮೆಟ್ಟಿಲ ಕೆಳಗೆ ಹೋದದ್ದು ಮುಂದಿನ ವಾರ.

ಈಚೆಗೆ ಕೈಪಿಡಿಯ ಹೊಸ ಮುದ್ರಣ ಬಂದಿದೆ. ಅದರಲ್ಲಿ ‘ಮುಂಭಾಗ’ ಇಲ್ಲ. ‘ಸೂರ್ಯನ ಕಡೆಯ ತುದಿ’ ಎಂದಿದೆ, ಜೊತೆಗೆ ಬಾಣದ ಗುರುತಿನ ಚಿತ್ರವೂ ಇದೆ. ಯಾಕೆ ಬದಲಾಯಿತೆಂದು ಎಲ್ಲಿಯೂ ಹೇಳಿಲ್ಲ. ನಾನು ಕೇಳುತ್ತೇನೆ: ಸೂಚನೆ ಸುಸ್ಪಷ್ಟವಾಗಿದ್ದರೆ ತಿದ್ದಿದ್ದೇಕೆ? ತಿದ್ದುವಂತಿದ್ದರೆ ದರ್ಜಿ ಅಜಾಗರೂಕರಾದದ್ದು ಹೇಗೆ? ಪದವನ್ನು ಸದ್ದಿಲ್ಲದೆ ತಿದ್ದಿಕೊಂಡವರಿಗೆ ಆರೋಪವನ್ನು ತಿದ್ದಲು ಬಾಯಿ ಬರಲಿಲ್ಲ. ಬದಲಿಗೆ ಬಿಸಿಲಮ್ಮನವರಿಗೆ ಒಂದು ಫಲಕ, ಒಂದು ಹೂಗುಚ್ಛ, ಈ ಸಂಪುಟ.

ದರ್ಜಿ ಇಂದಿಗೂ ಕಣ್ಣು ತೋರಿಸಲು ನನ್ನ ಬಳಿಗೆ ಬರುತ್ತಾರೆ. ಅಕ್ಷರಗಳ ಹಲಗೆ ಓದಿ ಮುಗಿಸಿ, ಎದ್ದು ನಿಂತು, ಹೋಗುವ ಮುನ್ನ ಒಂದೇ ಮಾತು ಕೇಳುತ್ತಾರೆ. “ಆ ಮಾತು ತೆಗೆದ್ರಾ ಮೇಡಂ?” ನಾನು ಇಲ್ಲವೆನ್ನುತ್ತೇನೆ. ಆಯಿತು, ಮುಂದಿನ ಸಲ ಬರ್ತೀನಿ ಎಂದು ಹೊರಡುತ್ತಾರೆ. ನಿಜ ಹೇಳಬೇಕೆಂದರೆ, ಅವರ ಹೆಸರು ಕರೆಯುವಾಗಲೇ ನನಗೆ ನಾಚಿಕೆಯಾಗುತ್ತದೆ.

ಈ ಲೇಖನಕ್ಕೆ ಕುಳಿತಾಗ ಏನು ಬರೆಯಲಿ ಎಂದು ಬಿಸಿಲಮ್ಮನವರನ್ನೇ ಕೇಳಿದೆ. ಅವರು ಉಗ್ರಾಣದಲ್ಲಿ ಮುಂಬರುವ ಗ್ರಹಣದ ಕನ್ನಡಕಗಳನ್ನು ಬಲ್ಬಿಗೆ ಹಿಡಿದು ನೋಡುತ್ತಿದ್ದರು, ತಲೆ ಎತ್ತಲಿಲ್ಲ. “ನನ್ನ ಮೇಲೆ ಎಷ್ಟು ಸುಳ್ಳು ಬೇಕಾದ್ರೂ ಬರಿ, ನಿವೃತ್ತಿ ಆಗೋರಿಗೆ ಅದೆಲ್ಲ ಮಾಮೂಲು. ಆ ದರ್ಜಿ ಬಗ್ಗೆ ಒಂದು ನಿಜ ಬರಿ. ಕೇಂದ್ರದ ಮುದ್ರೆ ಇರೋ ಪುಸ್ತಕ ತಾನೆ ಇದು.”

ಹೌದು, ಇದು ಕೇಂದ್ರದ ಮುದ್ರೆಯಿರುವ ಪುಸ್ತಕ. ಒಂದಕ್ಷರ ತೆಗೆದರೂ ಲೇಖನ ವಾಪಸ್ಸು ಎಂದು ಸಮಿತಿಗೆ ತಿಳಿಸಿದ್ದೇನೆ. ಬಿಸಿಲಮ್ಮನವರೂ, ಈ ಲೇಖನ ಇಲ್ಲದ ಸಂಪುಟವನ್ನು ತಾವು ಸ್ವೀಕರಿಸುವುದಿಲ್ಲವೆಂದು ತಿಳಿಸಿದ್ದಾರೆ. ಆದ್ದರಿಂದ ಬರೆಯುತ್ತೇನೆ. ಅಂದು ಆ ಶಾಲೆಯ ಬಯಲಿನಲ್ಲಿ ಕಣ್ಣು ಕಳೆದುಕೊಂಡ ದರ್ಜಿ ಅಜಾಗರೂಕರಾಗಿರಲಿಲ್ಲ. ಅವರು ಸರದಿಯಲ್ಲಿ ನಿಂತರು, ನಾವು ಹೇಳಿದ ಕಡೆ ಕಣ್ಣಿಟ್ಟರು, ನಾವು ತಪ್ಪಾಗಿ ಹೇಳಿದ್ದೆವು. ಆಮೇಲೆ ತಮ್ಮ ಅಂಗೈ ಸುಟ್ಟುಕೊಂಡು ಹಿಂದೆ ನಿಂತವರ ಕಣ್ಣು ಉಳಿಸಿದರು.

ಬಿಸಿಲಮ್ಮನವರು ದೀರ್ಘಕಾಲ ಆರೋಗ್ಯದಿಂದ ಬಾಳಲಿ, ಅವರ ಧ್ವನಿ ತಗ್ಗದಿರಲಿ, ಮುಂದಿನ ಎಷ್ಟೋ ಗ್ರಹಣಗಳಲ್ಲಿ ಬಯಲಿನ ನಡುವೆ ನಿಂತು ನಮ್ಮನ್ನೆಲ್ಲ ಗದರುತ್ತಿರಲಿ. ಸಂಪುಟದ ಮೊದಲ ಪ್ರತಿಯನ್ನು ಬಿಸಿಲಮ್ಮನವರು ವೇದಿಕೆಯ ಗಣ್ಯರಿಗಲ್ಲ, ದರ್ಜಿಗೆ ಕೊಡುವವರಿದ್ದಾರೆ. ಮಗಳು ಪಕ್ಕದಲ್ಲಿ ಕುಳಿತು ಈ ಪುಟವನ್ನು ಓದಿ ಹೇಳುತ್ತಾಳೆ. ಮುಂದಿನ ಸಲ ಅವರು ಆಸ್ಪತ್ರೆಗೆ ಬಂದು ಅದೇ ಪ್ರಶ್ನೆ ಕೇಳಿದರೆ ನಾನು ಹೇಳುವೆ: ಆ ಮಾತನ್ನು ಕೇಂದ್ರದವರು ಇನ್ನೂ ತೆಗೆದಿಲ್ಲ, ಆದರೆ ಅದು ಸುಳ್ಳೆಂದು ಅವರದೇ ಪುಸ್ತಕದಲ್ಲಿ ಅಚ್ಚಾಗಿದೆ.