ತಪಾಸಣೆಗೆಂದು ಹಾಕಿದ ಬೀಗ

ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆಗೂಡಿನಿಂದ ನೂಲು ತೆಗೆಯುವ ಸಣ್ಣ ಘಟಕ. ನನ್ನ ತಂದೆ, ಅಬ್ಬಾ, ನಡೆಸುತ್ತಿದ್ದಾಗ ವ್ಯಾಪಾರಿ ಬಂದು ನೂಲನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಜಗ್ಗಿ ನೋಡಿ, ಚಹಾ ಕುಡಿದು ಹೋಗುತ್ತಿದ್ದ. ಅಲ್ಲಿಗೆ ಪರೀಕ್ಷೆ ಮುಗಿಯುತ್ತಿತ್ತು. ನನ್ನ ಕೈಗೆ ಬಂದ ಮೇಲೆ ಹೊಗೆ ಎಲ್ಲಿಗೆ ಹೋಗುತ್ತದೆ, ಗೂಡು ಬೇಯಿಸುವ ತೊಟ್ಟಿಯ ನೀರು ಎಲ್ಲಿಗೆ ಹರಿಯುತ್ತದೆ ಎಂದು ಕೊಳ್ಳುವವರು ಕೇಳತೊಡಗಿದರು. ಈಗಂತೂ ಇಎಸ್‌ಜಿ ಎಂಬ ಮೂರಕ್ಷರ ಬಂದಿದೆ. ಪರಿಸರ, ಕೆಲಸದವರು, ಆಡಳಿತ, ಎಲ್ಲದರ ಬಗ್ಗೆಯೂ ಉತ್ತರ ಕೊಡಬೇಕು. ನಮ್ಮ ನೂಲಿನ ಬಟ್ಟೆಯನ್ನು ವಿದೇಶಕ್ಕೆ ಕಳಿಸುವ ಬೆಂಗಳೂರಿನ ಕಂಪನಿ ಒಂದು ದಪ್ಪ ಫಾರಂ ಕಳಿಸಿ, ತಪಾಸಣೆ ಆದಮೇಲೇ ಮುಂದಿನ ಆರ್ಡರ್ ಎಂದಿತು. ನಮ್ಮ ಅರ್ಧ ನೂಲು ಅವರಿಗೇ ಹೋಗುವುದು. ನನಗೆ ಊಟ ಸೇರದಾಯಿತು.

ಫಾರಂನಲ್ಲಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇದೆಯೇ ಎಂದಿತ್ತು. ಇರಲಿಲ್ಲ. ಕಟ್ಟಿಸಿದೆ. ಬಿಳಿ ಟೈಲ್ಸ್, ಕನ್ನಡಿ, ಸೋಪಿನ ಡಬ್ಬಿ ಸಮೇತ. ಮನೆಯದಕ್ಕಿಂತ ಇದೇ ಚೆನ್ನಾಗಿದೆ ಎಂದು ನನ್ನ ಹೆಂಡತಿ ಎರಡು ದಿನ ಮುಖ ಊದಿಸಿಕೊಂಡಿದ್ದಳು. ತಪಾಸಣೆಯವರು ಬರುವವರೆಗೆ ಹೊಸದಾಗಿಯೇ ಇರಲಿ ಎಂದು ಬೀಗ ಜಡಿದು ಕೀಲಿಕೈ ಜೇಬಿಗಿಳಿಸಿದೆ. ನಮ್ಮ ಮನೆಗಳಲ್ಲಿ ಹೊಸ ಪಿಂಗಾಣಿ ತಟ್ಟೆಗಳನ್ನು ನೆಂಟರಿಗೆಂದು ಬೀರುವಿನಲ್ಲೇ ಇಡುವುದಿಲ್ಲವೇ, ಹಾಗೆ. ಒಂದು ತಿಂಗಳು ಕಳೆಯಿತು.

ತಪಾಸಣೆಯ ದಿನ ಇನ್ನೊಂದು ಬುದ್ಧಿವಂತಿಕೆ ಮಾಡಿದೆ. ಹೊಗೆ, ವಾಸನೆ ಯಾಕೆಂದು ಒಲೆಯನ್ನೇ ಹಚ್ಚಿಸಲಿಲ್ಲ. ನೆಲ ತೊಳೆಸಿ, ಕೆಲಸದ ಹೆಂಗಸರಿಗೆಲ್ಲ ಹಬ್ಬದ ಸೀರೆ ಉಟ್ಟು ಬನ್ನಿ ಎಂದಿದ್ದೆ. ಬಂದವಳು ಲ್ಯಾಪ್‌ಟಾಪ್ ಹಿಡಿದ ಹುಡುಗಿ. ಸಾಲಾಗಿ ಕೂತಿದ್ದ ರೇಷ್ಮೆ ಸೀರೆಗಳನ್ನೂ ತಣ್ಣಗಿದ್ದ ತೊಟ್ಟಿಗಳನ್ನೂ ನೋಡಿ, “ಇವತ್ತು ಮದುವೆ ಏನಾದ್ರೂ ಇದ್ಯಾ ಸರ್? ನಾನು ಕೆಲಸ ನೋಡೋಕೆ ಬಂದಿದ್ದು” ಎಂದಳು. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನು ಒಲೆ ಹಚ್ಚಿಸಲು ಓಡಿದೆ.

ತೊಟ್ಟಿಯ ನೀರು ಕಾಯುವಷ್ಟರಲ್ಲಿ ಆ ಹುಡುಗಿ ಶೌಚಾಲಯ ತೋರಿಸಿ ಎಂದಳು. ಇದಕ್ಕೇ ಕಾಯುತ್ತಿದ್ದವನು ಹೆಮ್ಮೆಯಿಂದ ಬೀಗ ತೆಗೆದೆ. ನಲ್ಲಿಗೆ ಸುತ್ತಿದ್ದ ಪ್ಲಾಸ್ಟಿಕ್ ಕೂಡ ಹಾಗೇ ಇತ್ತು. ಅವಳು ನಲ್ಲಿ ನೋಡಿದಳು, ನನ್ನ ಕೈಯ ಕೀಲಿಕೈ ನೋಡಿದಳು. ಆಮೇಲೆ ಹೆಂಗಸರ ಕಡೆ ತಿರುಗಿ, “ಇಷ್ಟು ದಿನ ಎಲ್ಲಿಗೆ ಹೋಗ್ತಿದ್ರಮ್ಮ?” ಎಂದು ಕೇಳಿದಳು.

ಎಲ್ಲರಿಗಿಂತ ಹಿರಿಯರಾದ, ನಾನು ಚಡ್ಡಿ ಹಾಕುತ್ತಿದ್ದಾಗಿನಿಂದ ನನ್ನನ್ನು ಬಲ್ಲ ಸಾದಲಿ ಕಡೆಯ ಅಕ್ಕ ಬಾಯಿ ಬಿಟ್ಟರು. “ಎಲ್ಲಿಗೂ ಇಲ್ಲ ಕಣಮ್ಮ. ಬೆಳಿಗ್ಗೆ ಮನೇಲೇ ಹೋಗ್ಬಿಟ್ಟು ಬರ್ತೀವಿ. ಆಮೇಲೆ ಸಾಯಂಕಾಲದ ತಂಕ ನೀರು ಕುಡಿಯಲ್ಲ. ಅಭ್ಯಾಸ ಆಗೋಗದೆ.” ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸಿರಬೇಕು. “ನೀನು ಬೇಜಾರ್ ಮಾಡ್ಕೋಬೇಡಪ್ಪ. ನೀನು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ” ಎಂದರು.

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಕುದಿನೀರಿನ ಆವಿಗೆ ಮುಖ ಒಡ್ಡಿ ಇಡೀ ದಿನ ಬೆವರುವ ಕೆಲಸ ಅದು. ಇಪ್ಪತ್ತು ವರ್ಷ ಅವರ ಎದುರೇ ಓಡಾಡಿದ್ದೇನೆ. ನೂಲು ತುಂಡಾದರೆ ಆ ತುದಿಯಿಂದಲೇ ನನ್ನ ಕಣ್ಣಿಗೆ ಬೀಳುತ್ತಿತ್ತು.

ಹುಡುಗಿ ಫಾರಂನ ಶೌಚಾಲಯದ ಪ್ರಶ್ನೆಯ ಮುಂದೆ ಮುಲಾಜಿಲ್ಲದೆ ಸೊನ್ನೆ ಹಾಕಿದಳು. ಆರ್ಡರ್ ನಿಲ್ಲಿಸುವುದಿಲ್ಲ, ಮೂರು ತಿಂಗಳು ಬಿಟ್ಟು ಹೇಳದೆ ಕೇಳದೆ ಬರುತ್ತೇನೆ ಎಂದಳು. ಹೋಗುವಾಗ ಬೀಗವನ್ನು ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಅಕ್ಕ, “ನಂಗೆ ಕೊಡ್ತಾನೆ ಬಿಡಮ್ಮ, ನಮ್ಮನೆ ಕೋಳಿಗೂಡಿಗೆ ಬೇಕಾಗಿತ್ತು” ಎಂದು ನನ್ನ ಕೈಯಿಂದ ಕಿತ್ತುಕೊಂಡೇಬಿಟ್ಟರು. ಎಲ್ಲರ ಜೊತೆ ನಾನೂ ನಕ್ಕೆ.

ಮರುದಿನ ಎಂದಿನಂತೆ ಕೆಲಸ ನಡೆಯುತ್ತಿತ್ತು. ಊಟದ ಹೊತ್ತಿಗೆ ಅಕ್ಕ ಬಂದು ಬಾಗಿಲಲ್ಲಿ ನಿಂತರು.

“ಬೆಳಿಗ್ಗೆ ತರ್ಸಿದ್ದ ಕುಡಿಯೋ ನೀರಿನ ಕ್ಯಾನ್ ಖಾಲಿ ಆಯ್ತಪ್ಪ. ಇನ್ನೊಂದು ತರ್ಸು.”

ಹದಿನಾಲ್ಕು ಹೆಂಗಸರಿಗೆ ಒಂದೇ ಕ್ಯಾನ್ ನಾಲ್ಕು ದಿನ ಬರುತ್ತಿದ್ದ ಘಟಕ ನಮ್ಮದು. ನಾನೇ ಹೋಗಿ ಎರಡು ಕ್ಯಾನ್ ಹೊತ್ತು ತಂದೆ.